ಬ್ಯಾಟರಿ ಲೈಟ್ ಕಾಟ ಕೊಡ್ತಿದೆ ಅಂತ ಅದರ ಬಲ್ಬ್ ಕೀಳಿಸಬೇಡಿ

ಕಾರಿನ ಮೀಟರ್‌ನಲ್ಲಿ ಕೆಂಪು ಬ್ಯಾಟರಿ ಗುರುತು ಸುಮ್ನೆ ಉರಿಯುತ್ತಿದೆ, ಲೈಟೇ ಕೆಟ್ಟಿರಬೇಕು ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ನಾನು ನಂಬಿದೆ. ಎರಡು ತಿಂಗಳು ಗ್ಯಾರೇಜಿಗೆ ಅಲೆದೆ, ಬೇಡದ ಎರಡು ಸಾಮಾನು ಹಾಕಿಸಿದೆ, ಕೊನೆಗೆ ಒಂದು ರಾತ್ರಿ ಅಮ್ಮನನ್ನು ಹಿಂದಿನ ಸೀಟಲ್ಲಿ ಕೂರಿಸಿಕೊಂಡು ನಡುರಸ್ತೆಯಲ್ಲಿ ನಿಂತೆ.

ನನ್ನದು ಹಳೇ ಕಾರು. ಎಚ್ಚರಿಕೆ ದೀಪಗಳೆಲ್ಲ ಪುಟ್ಟ ಬಲ್ಬ್‌ಗಳು. ಮೊದಮೊದಲು ರಾತ್ರಿ ಹೆಡ್‌ಲೈಟ್ ಹಾಕಿದಾಗ ಮಾತ್ರ ಬ್ಯಾಟರಿ ಲೈಟ್ ಆರುವ ಕೆಂಡದ ಹಾಗೆ ಮಂಕಾಗಿ ಕಾಣುತ್ತಿತ್ತು. ಫ್ಯಾನ್ ಜೋರು ಮಾಡಿದರೆ ಇನ್ನೂ ಸ್ವಲ್ಪ ಜಾಸ್ತಿ. ಹಗಲಲ್ಲಿ ಏನೂ ಇಲ್ಲ. ಇದನ್ನೆಲ್ಲ ನಾನು ಮೆಕ್ಯಾನಿಕ್‌ಗೆ ಬಿಡಿಸಿ ಹೇಳಿದೆ. ಅವರು ಬಾನೆಟ್ ಎತ್ತಿ ನೋಡಿ, "ಬ್ಯಾಟರಿಗೆ ವಯಸ್ಸಾಗಿದೆ ಸಾರ್, ಬದಲಾಯಿಸಿ" ಅಂದರು. ಬದಲಾಯಿಸಿದೆ. ಅವತ್ತು ರಾತ್ರಿಯೇ ಮತ್ತೆ ಅದೇ ಕೆಂಪು. ಆಮೇಲೆ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟ್ ತಯಾರಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ, ಹೋಗಿದೆ ಅಂದರು, ಅದೂ ಹೊಸದು ಬಂತು. ಲೈಟ್ ಮಾತ್ರ ಹಾಗೇ ಇತ್ತು. ಇಷ್ಟೂ ದಿನದಲ್ಲಿ ಒಬ್ಬರೂ ಒಂದು ಸಲವೂ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಕೈಗೆ ತೆಗೆದುಕೊಳ್ಳಲಿಲ್ಲ, ನಾನೂ ಕೇಳಲಿಲ್ಲ.

ಮೂರನೇ ಸಲ ಹೋದಾಗ, "ಇದು ಮೀಟರ್ ಬೋರ್ಡಿನ ಪ್ರಾಬ್ಲಮ್, ಎಲ್ಲ ಹೊಸದು ಹಾಕಿದ್ದೀವಲ್ಲ, ಆ ಬಲ್ಬ್ ತೆಗೆದುಬಿಡ್ತೀನಿ, ಕಾಟ ತಪ್ಪುತ್ತೆ" ಅಂದರು. ಆ ಕೆಂಪು ನೋಡಿ ನೋಡಿ ನನಗೂ ಸಾಕಾಗಿತ್ತು. ಒಪ್ಪಿಕೊಂಡೆ.

ನಾನು ಮಾಡಿದ ದೊಡ್ಡ ತಪ್ಪು ಇದೇ. ನನ್ನಂಥ ಹಳೇ ಕಾರುಗಳಲ್ಲಿ ಆ ಬಲ್ಬ್ ಬರೀ ದೀಪ ಅಲ್ಲ. ಕೀ ಆನ್ ಮಾಡಿದಾಗ ಬ್ಯಾಟರಿಯಿಂದ ಒಂದಿಷ್ಟು ಕರೆಂಟ್ ಆ ಬಲ್ಬ್ ಮೂಲಕವೇ ಆಲ್ಟರ್ನೇಟರ್ ಒಳಗಿನ ಕಾಯಿಲ್‌ಗೆ ಹೋಗುತ್ತದೆ. ಅಷ್ಟು ಸಿಕ್ಕರೆ ಅದು ಅಯಸ್ಕಾಂತವಾಗಿ ಚಾರ್ಜ್ ಮಾಡಲು ಶುರು ಮಾಡುತ್ತದೆ. ಬಲ್ಬ್ ಕಿತ್ತರೆ ಆ ದಾರಿಯೇ ಇಲ್ಲ. ಕೆಲವು ಕಾರಲ್ಲಿ ಎಂಜಿನ್ ಜೋರಾಗಿ ರೇಸ್ ಮಾಡಿದರೆ ಹೇಗೋ ಚಾರ್ಜಿಂಗ್ ಶುರುವಾಗುತ್ತದೆ, ನನ್ನದರಲ್ಲಿ ಆಗಲಿಲ್ಲ. ಹೊಸ ಬ್ಯಾಟರಿ ಇದ್ದದ್ದರಿಂದ ಎರಡು ದಿನ ಹಗಲಿನ ಓಡಾಟ ಹೇಗೋ ನಡೆಯಿತು, ಎಲ್ಲ ಸರಿಹೋಯಿತು ಅಂದುಕೊಂಡೆ.

ಮೂರನೇ ದಿನ ರಾತ್ರಿ, ಮಳೆ. ಮೊದಲು ವೈಪರ್ ನಿಧಾನವಾಯಿತು. ಇಂಡಿಕೇಟರ್ ಹಾಕಿದರೆ ಟಕ್ ಟಕ್ ಅನ್ನುವ ಸದ್ದು ಎಳೆದೆಳೆದು ಬರುತ್ತಿತ್ತು. "ಲೈಟ್ ಯಾಕೋ ಹಳದಿ ಆಯ್ತಲ್ಲೋ" ಅಂದರು ಅಮ್ಮ. ನಿಜ, ಮುಂದಿನ ರಸ್ತೆಯೇ ಸರಿಯಾಗಿ ಕಾಣುತ್ತಿರಲಿಲ್ಲ. ಪಕ್ಕಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಎರಡು ಸಲ ಜರ್ಕ್ ಹೊಡೆದು ಎಂಜಿನ್ ನಿಂತುಹೋಯಿತು. ನಾಲ್ಕೂ ಇಂಡಿಕೇಟರ್ ಹಾಕೋಣ ಅಂದರೆ ಅದಕ್ಕೂ ಜೀವ ಇಲ್ಲ. ಹಿಂದಿನಿಂದ ಬರುವ ಲಾರಿಗೆ ನಾವು ಕಾಣುತ್ತೇವೋ ಇಲ್ಲವೋ ಅನ್ನುವ ಭಯದಲ್ಲಿ ಅಮ್ಮನನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ, ಮೊಬೈಲ್ ಟಾರ್ಚ್ ಬೀಸುತ್ತಾ ಸಹಾಯ ಬರುವ ತನಕ ನಿಂತಿದ್ದೆ. ಆ ಬಲ್ಬ್ ಕೀಳಿಸದೇ ಇದ್ದಿದ್ದರೆ ಈ ಗತಿ ಬರುತ್ತಿರಲಿಲ್ಲ, ಅಲ್ವಾ?

ಮರುದಿನ ಒಬ್ಬ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಅವರು ಮೊದಲು ಬಲ್ಬ್ ವಾಪಸ್ ಹಾಕಿದರು, ಬ್ಯಾಟರಿ ಚಾರ್ಜ್ ಮಾಡಿದರು. ಎಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್, ಫ್ಯಾನ್ ಎಲ್ಲ ಹಾಕಿಸಿ ಮಲ್ಟಿಮೀಟರ್ ಇಟ್ಟರು. ಬ್ಯಾಟರಿ ಮೇಲೆ 12.9 ವೋಲ್ಟ್. ಆಲ್ಟರ್ನೇಟರ್ ಹತ್ತಿರ 14.3. ಅಂದರೆ ಮಧ್ಯದ ಒಂದೇ ಒಂದು ದಪ್ಪ ವೈರಿನಲ್ಲಿ 1.4 ವೋಲ್ಟ್ ಮಾಯ! ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಮೈನಸ್ ಬಿಚ್ಚಿ, ಆಲ್ಟರ್ನೇಟರ್ ಹಿಂದಿನ ರಬ್ಬರ್ ಟೋಪಿ ಸರಿಸಿ ತೋರಿಸಿದರು. ವೈರಿನ ತುದಿಯ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಸಡಿಲ, ಒಳಗೆಲ್ಲ ಹಸಿರು ಪುಡಿ, ಮೇಲಿನ ಪ್ಲಾಸ್ಟಿಕ್ ಬಿಸಿಗೆ ಕಂದುಬಣ್ಣಕ್ಕೆ ತಿರುಗಿ ಉಗುರಿಗೇ ಪುಡಿಯಾಗುತ್ತಿತ್ತು. ಆಲ್ಟರ್ನೇಟರ್ ಬದಲಾಯಿಸುವಾಗ ಇದೇ ತುದಿಯನ್ನು ಬಿಚ್ಚಿ ಹಾಗೇ ಮತ್ತೆ ಕಟ್ಟಿದ್ದರು, ನನಗೆ ನಿಜವಾಗಿ ಸಿಟ್ಟು ಬಂದದ್ದು ಅದಕ್ಕೇ.

ಆ ಬಲ್ಬಿನ ಒಂದು ಬದಿಗೆ ಬ್ಯಾಟರಿಯ ಪ್ಲಸ್, ಇನ್ನೊಂದು ಬದಿಗೆ ಆಲ್ಟರ್ನೇಟರ್. ಎರಡೂ ಕಡೆ ವೋಲ್ಟೇಜ್ ಒಂದೇ ಇದ್ದರೆ ಉರಿಯುವುದಿಲ್ಲ, ಸ್ವಲ್ಪ ವ್ಯತ್ಯಾಸ ಇದ್ದರೆ ಮಂಕಾಗಿ ಉರಿಯುತ್ತದೆ. ಹೆಡ್‌ಲೈಟ್ ಹಾಕಿದಾಗ ಆ ಕೆಟ್ಟ ತುದಿಯಲ್ಲಿ ಜಾಸ್ತಿ ಕರೆಂಟ್ ಹರಿದು ವ್ಯತ್ಯಾಸ ಹೆಚ್ಚುತ್ತಿತ್ತು. ಲೈಟ್ ಮೊದಲ ದಿನದಿಂದ ಸರಿಯಾಗಿಯೇ ಹೇಳುತ್ತಿತ್ತು. ವೈರ್ ಬದಲಾದ ಮೇಲೆ ಮತ್ತೆ ಉರಿದಿಲ್ಲ.

ಹಾಗಾಗಿ ಯಾವುದೇ ಸಾಮಾನು ಬದಲಾಯಿಸುವ ಮುಂಚೆ ನಿಮ್ಮ ಕಣ್ಣೆದುರೇ ಮಲ್ಟಿಮೀಟರ್ ಇಡಿಸಿ. ಕೆಲವು ಗಂಟೆ ನಿಂತ ಕಾರಿನಲ್ಲಿ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.7ರಿಂದ 14.7. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಇದನ್ನು ಏರಿಸಿ ಇಳಿಸಿ ಮಾಡುತ್ತದೆ, ಅಲ್ಲಿ ಒಂದೇ ಅಂಕಿ ನೋಡಿ ತೀರ್ಮಾನ ಬೇಡ. ನೀವೇ ಅಳೆಯುವುದಾದರೆ ವೈರು, ಬಟ್ಟೆ ಆಲ್ಟರ್ನೇಟರ್ ತಿರುಗಿಸುವ ಬೆಲ್ಟಿಗೆ ಸಿಗದ ಹಾಗೆ ನೋಡಿಕೊಳ್ಳಿ. ಆಲ್ಟರ್ನೇಟರಿನ ಆ ದಪ್ಪ ವೈರಿನಲ್ಲಿ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ, ಬ್ಯಾಟರಿಯ ಮೈನಸ್ ಬಿಚ್ಚದೆ ಅಲ್ಲಿ ಸ್ಪ್ಯಾನರ್ ಹಾಕಲೇಬೇಡಿ. ಓಡುತ್ತಿರುವಾಗ ಬ್ಯಾಟರಿ ಲೈಟ್ ಪೂರ್ತಿ ಉರಿದು, ಜೊತೆಗೆ ಎಂಜಿನ್ ಬಿಸಿಯೂ ಏರಿದರೆ ಆ ಬೆಲ್ಟ್ ಹರಿದಿರಬಹುದು, ತಕ್ಷಣ ನಿಲ್ಲಿಸಿ. ಎಷ್ಟೋ ಕಾರಲ್ಲಿ ಎಂಜಿನ್ ತಣ್ಣಗಿಡುವ ವಾಟರ್ ಪಂಪ್ ತಿರುಗಿಸುವುದೂ ಅದೇ ಬೆಲ್ಟ್.

ಹಳೇ ಕಾರು ಕೊಳ್ಳುವವರು ಇನ್ನೊಂದು ನೋಡಿ. ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ. ಬ್ಯಾಟರಿ, ಆಯಿಲ್, ಚೆಕ್ ಎಂಜಿನ್ ಗುರುತುಗಳು ಉರಿಯಬೇಕು. ಯಾವುದಾದರೂ ಬರದಿದ್ದರೆ ಬಲ್ಬ್ ಹೋಗಿದೆ, ವೈರ್ ಕಡಿದಿದೆ, ಇಲ್ಲ ಯಾರೋ ಬೇಕಂತಲೇ ಕಿತ್ತಿದ್ದಾರೆ. ಯಾವುದು ಅಂತ ಗೊತ್ತಾಗುವ ತನಕ ಮುಂಗಡ ಕೊಡಬೇಡಿ.