ಪಿಡಿಎಫ್, ಪ್ರಿಂಟ್ ಆನ್ ಡಿಮ್ಯಾಂಡ್, ಆಫ್‌ಸೆಟ್: ಆರ್‌ಪಿಜಿ ಪುಸ್ತಕಕ್ಕೆ ಯಾವುದು ಗಿಟ್ಟುತ್ತದೆ?

ಟೇಬಲ್‌ಟಾಪ್ ಆರ್‌ಪಿಜಿ (ಮೇಜಿನ ಸುತ್ತ ಕೂತು ಒಂದೊಂದು ಪಾತ್ರವಾಗಿ ಆಡುವ ಕಥೆಯಾಟ) ಪುಸ್ತಕವನ್ನು ಈ ಮೂರೂ ದಾರಿಯಲ್ಲಿ ಮಾರಿ ನೋಡಿದವರು ಮೊದಲು ಹೇಳುವುದು ಇಷ್ಟೇ: ಎಷ್ಟು ಪ್ರತಿ ಮಾರಾಟವಾಯಿತು ಎನ್ನುವುದಕ್ಕಿಂತ ಪ್ರತಿಗೆ ಎಷ್ಟು ಉಳಿಯಿತು ಎಂದು ನೋಡಿ.

ಮುಖಬೆಲೆ 100 ಎಂದಿಟ್ಟುಕೊಳ್ಳೋಣ. ಆಫ್‌ಸೆಟ್‌ನಲ್ಲಿ, ಅಂದರೆ ಪ್ಲೇಟ್ ಮಾಡಿ ಒಟ್ಟಿಗೆ ನೂರಾರು ಪ್ರತಿ ತೆಗೆಯುವ ವಿಧಾನದಲ್ಲಿ, ಅಚ್ಚಾದ ಪುಸ್ತಕ ವಿತರಕರ ಮೂಲಕ ಅಂಗಡಿಗೆ ಹೋದರೆ ಪ್ರಕಾಶಕರ ಕೈಗೆ ಬರುವುದು ಸುಮಾರು 40. ಅಚ್ಚಿನ ಖರ್ಚು 20 ದಾಟಿತೋ, ಸಾಗಣೆ, ಗೋದಾಮು, ಬರಹ, ಚಿತ್ರ ಎಲ್ಲಕ್ಕೂ ಸೇರಿ ಉಳಿಯುವುದು ಪುಡಿಗಾಸು. ಅದೇ ಪುಸ್ತಕದ ಪಿಡಿಎಫ್ ಅರ್ಧ ಬೆಲೆಗೆ ಡ್ರೈವ್‌ಥ್ರೂಆರ್‌ಪಿಜಿ ಎಂಬ ಮಾರಾಟದ ಜಾಲತಾಣದಲ್ಲಿ ಹೋದರೆ ಲೆಕ್ಕವೇ ಬೇರೆ. ಅಲ್ಲಿ ಮಾತ್ರ ಮಾರುವವರಿಗೆ 70%, ಬೇರೆ ಕಡೆಯೂ ಮಾರುವವರಿಗೆ 65%. ಅಂದರೆ 50ರಲ್ಲಿ 35 ಅಥವಾ 32.5. ಇಚ್.ಐಓ ಎಂಬ ಇನ್ನೊಂದು ಜಾಲತಾಣದಲ್ಲಿ ತಾಣದ ಪಾಲನ್ನು ಮಾರುವವರೇ ಗೊತ್ತುಮಾಡಬಹುದು, ಮುಟ್ಟದೆ ಬಿಟ್ಟರೆ 10%. ಅರ್ಧ ಬೆಲೆಯ ಫೈಲ್ ಪೂರ್ತಿ ಬೆಲೆಯ ಪುಸ್ತಕಕ್ಕಿಂತ ಹೆಚ್ಚು ಉಳಿಸುತ್ತದೆ.

ಪ್ರಿಂಟ್ ಆನ್ ಡಿಮ್ಯಾಂಡ್, ಅಂದರೆ ಬೇಡಿಕೆ ಬಂದಾಗಷ್ಟೇ ಪ್ರತಿ ಅಚ್ಚು ಹಾಕುವುದು, ಇವೆರಡರ ನಡುವಿನದು. ಬೆಲೆಯಿಂದ ಅಚ್ಚಿನ ಖರ್ಚು ಕಳೆದು, ಉಳಿದದ್ದರಲ್ಲಿ ಪಾಲು. ಖರ್ಚು 40 ಆದರೆ ಉಳಿದ 60ರಲ್ಲಿ 65% ಎಂದರೆ 39. ಪರವಾಗಿಲ್ಲ ಎನಿಸುತ್ತದೆ, ಆದರೆ ಇದೇ ಪ್ರತಿಯನ್ನು ವಿತರಕರಿಗೆ ಕೊಡಲು ಹೋದರೆ ಬರುವ 40 ಪೂರಾ ಅಚ್ಚಿಗೇ ಸರಿ. ನೇರ ಮಾರಾಟಕ್ಕೆ ಮಾತ್ರ ಇದು ಒಗ್ಗುತ್ತದೆ.

ಹಾಗಾದರೆ ಆಫ್‌ಸೆಟ್ ಏಕೆ? ಅಂಗಡಿಯ ಕಪಾಟಿನಲ್ಲಿ ಕಣ್ಣಿಗೆ ಬೀಳುವುದು ಅದೊಂದೇ. ಆಟದ ನಡುವೆ ಒಂದು ನಿಯಮ ಹುಡುಕಲು ಹಾಳೆ ತಿರುವಿದಷ್ಟು ಚುರುಕು ಯಾವ ಟ್ಯಾಬ್ಲೆಟ್ಟಿಗೂ ಇಲ್ಲ. ಮೂಲ ನಿಯಮಪುಸ್ತಕಕ್ಕೆ ಅಚ್ಚು ಬೇಕು. 32 ಪುಟದ ಸಾಹಸಕಥೆಗೆ ಪಿಡಿಎಫ್ ಸಾಕು; ಓದುವುದು ಆಟ ನಡೆಸುವ ಗೇಮ್ ಮಾಸ್ಟರ್ ಒಬ್ಬರೇ, ಅದೂ ಆಟಕ್ಕೆ ಮುಂಚೆ.

ಒಂದೇ ಫೈಲ್‌ನಲ್ಲಿ ಅಚ್ಚು, ಪರದೆ ಎರಡರ ಕೆಲಸವನ್ನೂ ಮುಗಿಸುವ ಆಸೆಯೇ ಹೆಚ್ಚಿನ ಎಡವಟ್ಟಿಗೆ ಮೂಲ. ಅಚ್ಚಿಗೆ ಸಿಎಂವೈಕೆ (ನಾಲ್ಕು ಶಾಯಿಯ ಬಣ್ಣಕ್ರಮ), ಚಿತ್ರಕ್ಕೆ 300 ಡಿಪಿಐ (ಇಂಚಿಗಿಷ್ಟು ಚುಕ್ಕಿ ಎಂಬ ಲೆಕ್ಕ), ಸುತ್ತ 3 ಮಿಮೀ ಬ್ಲೀಡ್ (ಅಂಚು ಕತ್ತರಿಸುವಾಗ ಹೋಗುವ ಹೆಚ್ಚುವರಿ ಭಾಗ). ಪ್ರಿಂಟ್ ಆನ್ ಡಿಮ್ಯಾಂಡ್‌ನಲ್ಲಿ ಒಂದೇ ಜಾಗದಲ್ಲಿ ನಾಲ್ಕೂ ಶಾಯಿಯ ಪ್ರಮಾಣ ಕೂಡಿದರೆ ಬರುವ ಒಟ್ಟು 240% ಮೀರಿದರೆ ಫೈಲ್ ವಾಪಸ್ ಬರುವುದುಂಟು. ಪರದೆಯ ಬಣ್ಣಕ್ರಮವಾದ ಆರ್‌ಜಿಬಿಯ ಕಪ್ಪನ್ನು ಹಾಗೇ ಸಿಎಂವೈಕೆಗೆ ಪರಿವರ್ತಿಸಿದರೆ ಅಕ್ಷರ ನಾಲ್ಕೂ ಬಣ್ಣದಲ್ಲಿ ಕೂರುತ್ತದೆ. ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಬಣ್ಣದ ನೆರಳು. ಅಕ್ಷರಕ್ಕೆ ಕಪ್ಪು ಶಾಯಿಯೊಂದೇ 100% ಇರಲಿ.

ಪರದೆಯ ಫೈಲ್‌ಗೆ 150 ಡಿಪಿಐ ಸಾಕು, ಬುಕ್‌ಮಾರ್ಕ್ ಮತ್ತು ಲಿಂಕ್ ಕಡ್ಡಾಯ. ಪ್ರತಿ ಪುಟದ ಹಿಂದೆ ಹಳೇ ಚರ್ಮಪತ್ರದ ಚಿತ್ರ ಹಾಸುವ ಚಾಳಿ ಈ ಕ್ಷೇತ್ರಕ್ಕೆ ಅಂಟಿದ ಜಾಡ್ಯ. ಟ್ಯಾಬ್ಲೆಟ್‌ನಲ್ಲಿ ಪುಟ ತಿರುಗಿಸಿದರೆ ಮೊದಲು ಹಿನ್ನೆಲೆ, ಆಮೇಲೆ ಚಿತ್ರ, ಕೊನೆಗೆ ಅಕ್ಷರ ಎಂದು ಕಂತುಕಂತಾಗಿ ಮೂಡುತ್ತದೆ. ಹಿನ್ನೆಲೆಯನ್ನು ಬೇಡವೆಂದಾಗ ಮರೆಮಾಡಬಹುದಾದ ಲೇಯರ್ (ಪದರ) ಆಗಿ ಇಟ್ಟರೂ ಎಷ್ಟೋ ಮೊಬೈಲ್ ಆ್ಯಪ್‌ಗಳಲ್ಲಿ ಅದನ್ನು ಮರೆಮಾಡಲು ಆಗದು. ಬಿಳಿ ಹಿನ್ನೆಲೆಯ ಇನ್ನೊಂದು ಫೈಲ್ ಕೊಡುವುದೇ ವಾಸಿ. ಎದುರುಬದುರು ಪುಟಗಳಿಗೆ ಹರಡಿದ ಕೋಷ್ಟಕ ಅಚ್ಚಿನಲ್ಲಿ ಸೊಗಸು, ಪರದೆಯಲ್ಲಿ ಎರಡು ತುಂಡು. ಎ5 ಅಳತೆ, ಒಂದೇ ಕಾಲಂ ಇಟ್ಟರೆ ಎರಡೂ ಕಡೆ ನಿಭಾಯಿಸುತ್ತದೆ. ಪಿಡಿಎಫ್‌ನ ಪುಟ ಲೇಬಲ್ (ಪರದೆಯಲ್ಲಿ ಆ್ಯಪ್ ತೋರಿಸುವ ಪುಟಸಂಖ್ಯೆ) ಸರಿಪಡಿಸದಿದ್ದರೆ ಪುಸ್ತಕದ 35 ಪರದೆಯಲ್ಲಿ 37 ಆಗಿ, ಮೇಜಿನ ಸುತ್ತ ಕೂತವರು ಆಟ ಬಿಟ್ಟು ಪುಟ ಹುಡುಕುತ್ತಾರೆ.

ಪೈರಸಿಯ ಹೆದರಿಕೆಗೆ ಪಿಡಿಎಫ್ ಬಿಡಬೇಕಿಲ್ಲ. ಪ್ರಕಾಶನ ಸಂಸ್ಥೆ ವಿಜರ್ಡ್ಸ್ ಆಫ್ ದ ಕೋಸ್ಟ್ 2009ರಲ್ಲಿ ತನ್ನ ಹೆಸರಾಂತ ಆರ್‌ಪಿಜಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಪಿಡಿಎಫ್ ಮಾರಾಟವನ್ನು ಅದೇ ಕಾರಣಕ್ಕೆ ನಿಲ್ಲಿಸಿ, 2013ರಲ್ಲಿ ಮತ್ತೆ ಶುರುಮಾಡಿತು. ಅಂಗಡಿಯಲ್ಲಿ ಪುಸ್ತಕ ಕೊಂಡವರಿಗೆ ಪಿಡಿಎಫ್ ಉಚಿತವಾಗಿ ಕೊಡುವ ಬಿಟ್ಸ್ ಅಂಡ್ ಮಾರ್ಟರ್ ವ್ಯವಸ್ಥೆ ಇದಕ್ಕಿಂತ ಜಾಣತನದ್ದು.

ಎರಡೂ ಮಾಡುವುದಾದರೆ ಪಿಡಿಎಫ್ ಮೊದಲು. ಕೊಂಡವರೇ ತಪ್ಪು ಹುಡುಕಿಕೊಡುತ್ತಾರೆ. ಮೂರು ನಾಲ್ಕು ವಾರ ಕಾದು ತಿದ್ದಿದ ಫೈಲ್ ಅನ್ನೇ ಅಚ್ಚಿಗೆ ಕಳಿಸಿ. ತಿದ್ದುವಾಗ ಪುಟಸಂಖ್ಯೆ 16ರ ಗುಣಕದಲ್ಲೇ ನಿಲ್ಲಲಿ, ಆಫ್‌ಸೆಟ್ ಫಾರಂ (ಒಟ್ಟಿಗೆ ಅಚ್ಚಾಗುವ 16 ಪುಟದ ಕಟ್ಟು) ಲೆಕ್ಕದಲ್ಲಿ ನಡೆಯುತ್ತದೆ: 96 ಸಲೀಸು, 100 ಎಂದರೆ ನಾಲ್ಕು ಪುಟಕ್ಕಾಗಿ ಬೇರೆ ತುಂಡು ಫಾರಂ. ಪುಟ ಕದಲಿತೆಂದರೆ ಪದಸೂಚಿ ಹೊಸದಾಗಿ ಆಗಬೇಕು, ಬೆನ್ನಿನ ದಪ್ಪ ಬದಲಾಗಿ ಹೊದಿಕೆಯನ್ನೂ ಮತ್ತೆ ಅಳೆಯಬೇಕು.