ಶಿಪ್ ಗ್ರೀನ್ ಸೇವೆ: ದಾವಣಗೆರೆ ರಫ್ತುದಾರರಿಗೆ ಎಷ್ಟು ಉಪಯೋಗ?

ಹಪಾಗ್-ಲಾಯ್ಡ್ ಹಡಗು ಕಂಪನಿ 2023ರಲ್ಲಿ ಶುರುಮಾಡಿದ ‘ಶಿಪ್ ಗ್ರೀನ್’ ಸೇವೆಯನ್ನು ದಾವಣಗೆರೆ, ಹಿರಿಯೂರು ಸುತ್ತಿನಿಂದ ಯುರೋಪಿಗೆ ಮಿಡಿಸೌತೆ ಕಳಿಸುವವರ ಕಣ್ಣಿನಿಂದ ನೋಡಬೇಕು. ಕಂಟೇನರ್ ಬುಕ್ ಮಾಡುವಾಗ ಸಮುದ್ರಯಾನದ ಇಂಗಾಲ ಹೊರಸೂಸುವಿಕೆಯಲ್ಲಿ ಶೇ 25, 50 ಅಥವಾ 100ರಷ್ಟು ತಪ್ಪಿಸಲು ಹೆಚ್ಚುವರಿ ಹಣ ಕಟ್ಟುವ ಸೌಲಭ್ಯ ಇದು. ಕಂಪನಿ ತನ್ನ ಯಾವುದೋ ಹಡಗಿನಲ್ಲಿ ತ್ಯಾಜ್ಯದಿಂದ ತಯಾರಾದ ಜೈವಿಕ ಇಂಧನ ಸುಟ್ಟು, ಇಂಗಾಲದ ಉಳಿತಾಯವನ್ನು ನಿಮ್ಮ ಬುಕಿಂಗ್ ಹೆಸರಿಗೆ ಬರೆದು ಪ್ರಮಾಣಪತ್ರ ಕೊಡುತ್ತದೆ.

ಅಂದರೆ ಶೇ 100 ಆರಿಸಿದರೂ ನಿಮ್ಮ ಕಂಟೇನರ್ ಹೊತ್ತ ಹಡಗು ಮಾಮೂಲಿ ಎಣ್ಣೆಯಲ್ಲೇ ಓಡಿರಬಹುದು. ಇದರಲ್ಲಿ ಮೋಸವೇನಿಲ್ಲ. ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರದ ಕರೆಂಟು ಗ್ರಿಡ್ ಸೇರಿದ ಮೇಲೆ ಯಾರ ಮನೆ ಬಲ್ಬಿಗೆ ಹೋಯಿತೆಂದು ಹೇಳಲಾಗದು, ಲೆಕ್ಕ ಮಾತ್ರ ಇಡಬಹುದು, ಇದೂ ಹಾಗೇ. ಒಂದೇ ಟನ್ ಇಂಧನದ ಉಳಿತಾಯ ಇಬ್ಬರಿಗೆ ಮಾರಾಟವಾಗಬಾರದು, ಅಷ್ಟೇ. ಅದಕ್ಕೇ ಪ್ರಮಾಣಪತ್ರವನ್ನು ಓದದೆ ಫೈಲಿಗೆ ಸೇರಿಸಬೇಡಿ. ಅದರಲ್ಲಿ ಬುಕಿಂಗ್ ಸಂಖ್ಯೆ ಸರಿಯಿದೆಯೇ, ಲೆಕ್ಕ ಇಂಧನದ ತಯಾರಿಕೆಯಿಂದ ಹಿಡಿದು ಸುಡುವವರೆಗಿನದೇ, ಹೊರಗಿನ ಸಂಸ್ಥೆ ಪರಿಶೀಲಿಸಿದೆಯೇ ನೋಡಿ.

ನಮ್ಮ ಜಿಲ್ಲೆಗಳಿಗೆ ನಿಜವಾದ ತೊಡಕು ಇರುವುದು ರಸ್ತೆಯಲ್ಲಿ. ಈ ಸೇವೆ ಸಮುದ್ರದ ಪಾಲನ್ನಷ್ಟೇ ಮುಟ್ಟುತ್ತದೆ. ಸೂಯೆಜ್ ಮಾರ್ಗದಲ್ಲಿ ಚೆನ್ನೈ–ರಾಟರ್‌ಡ್ಯಾಂ ಸುಮಾರು 15,000 ಕಿ.ಮೀ. 20 ಅಡಿ ಕಂಟೇನರಿಗೆ ಕಿ.ಮೀ.ಗೆ 60 ಗ್ರಾಂ ಇಂಗಾಲ ಹೊರಸೂಸುವಿಕೆ ಎಂದು ಹಿಡಿದರೆ 900 ಕೆಜಿ. ಈಗ ದಾವಣಗೆರೆಯಿಂದ ಚೆನ್ನೈ ಹತ್ತಿರಹತ್ತಿರ 610 ಕಿ.ಮೀ. ಖಾಲಿ ಕಂಟೇನರನ್ನೂ ಅಲ್ಲಿಂದಲೇ ತಂದರೆ ಹೋಗಿಬರಲು 1,220. ಟ್ರೇಲರ್ ಲೀಟರಿಗೆ ಮೂರೂವರೆ ಕಿ.ಮೀ. ಕೊಟ್ಟರೆ ಸುಮಾರು 350 ಲೀಟರ್ ಡೀಸೆಲ್, ಲೀಟರಿಗೆ 2.68 ಕೆಜಿಯಂತೆ 930 ಕೆಜಿ ದಾಟುತ್ತದೆ. ಇಡೀ ಸಮುದ್ರ ದಾಟಿದಷ್ಟೇ ಹೊಗೆ ಹೆದ್ದಾರಿಯಲ್ಲೇ ಹೋಯಿತು! ಹಡಗು ಆಫ್ರಿಕಾ ಸುತ್ತಿ ಹೋದರೆ ಸಮುದ್ರದ ಪಾಲು ಏರುತ್ತದೆ, ಆದರೂ ರಸ್ತೆಯದು ಸಣ್ಣದಾಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ ರೈಲು. ಬೆಂಗಳೂರಿನ ವೈಟ್‌ಫೀಲ್ಡ್ ಒಳನಾಡು ಡಿಪೋದಲ್ಲೇ ಖಾಲಿ ಕಂಟೇನರ್ ಎತ್ತಿ, ದಾವಣಗೆರೆಯಲ್ಲಿ ತುಂಬಿ, ಚೆನ್ನೈ ರೈಲಿಗಾಗಿ ಮತ್ತೆ ಅದೇ ಡಿಪೋಗೆ ಒಪ್ಪಿಸಿದರೆ ಹೋಗಿಬರುವ ರಸ್ತೆ 560 ಕಿ.ಮೀ.ಗೆ ಇಳಿಯುತ್ತದೆ. ವಿದ್ಯುತ್ ರೈಲಿನ ಪಾಲು ಕೂಡಿಸಿದರೂ ಕಂಟೇನರಿಗೆ 400 ಕೆಜಿ ಆಸುಪಾಸು ಉಳಿಯುತ್ತದೆ. ಶಿಪ್ ಗ್ರೀನ್‌ನ ಶೇ 50ರ ಆಯ್ಕೆ ಕೊಡುವುದೂ ಹೆಚ್ಚುಕಡಿಮೆ ಅಷ್ಟೇ. ರೈಲಿನಲ್ಲಿ ಕೆಡುವುದು ಸಮಯ: ಡಿಪೋದಲ್ಲಿ ಕಂಟೇನರ್ ರಾಶಿ ಬಿದ್ದಾಗ ಹಡಗಿನ ಕಟ್-ಆಫ್, ಅಂದರೆ ಮಾಲು ಬಂದರಿಗೆ ಒಪ್ಪಿಸಬೇಕಾದ ಕೊನೆ ಗಡುವು, ತಪ್ಪುತ್ತದೆ. ಕೊನೆ ಗಳಿಗೆಯ ಮಾಲನ್ನು ರೈಲಿಗೆ ಹಾಕಬೇಡಿ.

ಎಫ್‌ಒಬಿ (ಮಾಲು ಹಡಗಿಗೆ ಏರಿಸುವವರೆಗಷ್ಟೇ ಮಾರುವವನ ಖರ್ಚು) ಲೆಕ್ಕದಲ್ಲಿ ಮಾರಿದರೆ ಹಡಗು ಬಾಡಿಗೆ ಖರೀದಿದಾರನದು, ಈ ಸೇವೆ ಆರಿಸುವ ಹಕ್ಕೂ ಅವನದೇ. ಹಡಗು ಬಾಡಿಗೆ ಮಾರುವವನೇ ಕಟ್ಟುವ ಸಿಐಎಫ್ (ವಿಮೆಯೂ ಸೇರಿ) ಅಥವಾ ಸಿಎಫ್‌ಆರ್ (ವಿಮೆ ಬಿಟ್ಟು) ಆದರಷ್ಟೇ ನೀವು ಆರಿಸಬಹುದು. ಫಾರ್ವರ್ಡರ್ (ಸಾಗಣೆ ಮಧ್ಯವರ್ತಿ) ಮೂಲಕ ಬುಕ್ ಮಾಡುವವರು ಪ್ರಮಾಣಪತ್ರ ಯಾರ ಹೆಸರಿಗೆ ಬರಬೇಕೆಂದು ಮೊದಲೇ ಬರೆಸಿಕೊಳ್ಳಿ.

ದರಪಟ್ಟಿಯಲ್ಲಿ ಇನ್ನೊಂದು ಸಾಲಿಗೂ ಕಣ್ಣಿಡಿ. ಯುರೋಪಿಯನ್ ಒಕ್ಕೂಟ 2024ರಿಂದ ಹಡಗುಗಳನ್ನೂ ತನ್ನ ಇಂಗಾಲ ಮಾರುಕಟ್ಟೆಗೆ, ಅಂದರೆ ಹೊಗೆ ಬಿಡಲು ಪರವಾನಗಿ ಕೊಳ್ಳಬೇಕಾದ ವ್ಯವಸ್ಥೆಗೆ, ಸೇರಿಸಿದೆ. 2024ರ ಹೊರಸೂಸುವಿಕೆಯಲ್ಲಿ ಶೇ 40ಕ್ಕೆ, 2025ರದರಲ್ಲಿ ಶೇ 70ಕ್ಕೆ, 2026ರಿಂದ ಪೂರ್ತಿಗೆ ಪರವಾನಗಿ ಒಪ್ಪಿಸಬೇಕು. ಹೊರದೇಶದ ಬಂದರಿನಿಂದ ಬರುವ ಯಾನದಲ್ಲಿ ಅರ್ಧ ಮಾತ್ರ ಲೆಕ್ಕಕ್ಕೆ. ಈ ಖರ್ಚಿಗೆಂದು ಹಡಗು ಕಂಪನಿ ಹಾಕುವ ಸರ್‌ಚಾರ್ಜ್ ಕಡ್ಡಾಯ, ಶಿಪ್ ಗ್ರೀನ್ ಐಚ್ಛಿಕ. ಎರಡನ್ನೂ ಬೇರೆ ಬೇರೆ ತೋರಿಸಲು ಕೇಳಿ. ಜಗತ್ತಿಗೆಲ್ಲ ಒಂದೇ ನಿಯಮ ಬಂದಿದ್ದರೆ ಈ ಗೋಜಲು ಕಡಿಮೆಯಾಗುತ್ತಿತ್ತು. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ಆ ತೀರ್ಮಾನವನ್ನು ಒಂದು ವರ್ಷ ಮುಂದೂಡಿತು. ಬೇಸರದ ಸಂಗತಿ.

ಐದಕ್ಕೆ ಮೂರೂವರೆ ಅಂಕ. ಲೆಕ್ಕ ಸ್ಪಷ್ಟ, ಹಂತಹಂತದ ಆಯ್ಕೆ ಚೆನ್ನಾಗಿದೆ; ಒಳನಾಡಿನ ಸಾಗಣೆ ಹೊರಗುಳಿದದ್ದಕ್ಕೆ ಒಂದೂವರೆ ಕಳೆದಿದೆ. ಖರೀದಿದಾರ ಲಿಖಿತವಾಗಿ ಕೇಳಿ, ಹೆಚ್ಚುವರಿ ದರದಲ್ಲಿ ಪಾಲು ಕೊಡುವುದಾದರೆ ಶೇ 50 ತೆಗೆದುಕೊಳ್ಳಿ. ಕೇಳದಿದ್ದರೆ ಸದ್ಯಕ್ಕೆ ರೈಲು ಸಾಕು.