ಸಯನೋಟೈಪ್ ಮುದ್ರಣಕ್ಕೆ ಮನೆಯಲ್ಲೇ ಕಟ್ಟಿದ ಎಂಟು ಟ್ಯೂಬಿನ ಪೆಟ್ಟಿಗೆ: ಒಂದು ವಿಮರ್ಶೆ

ನೀಲಿ ಚಿತ್ರ ಕೊಡುವ ಸಯನೋಟೈಪ್, ವ್ಯಾನ್ ಡೈಕ್ ಬ್ರೌನ್, ಪ್ಲಾಟಿನಂ ಮುಂತಾದ ಹಳೆಯ ಛಾಯಾಮುದ್ರಣ ವಿಧಾನಗಳಲ್ಲಿ ತೊಡಗಿರುವವರಿಗೆ ಮಲೆನಾಡಿನ ಮಳೆಗಾಲವೆಂದರೆ ಕೆಲಸ ನಿಲ್ಲುವ ಕಾಲ. ಕಾಗದಕ್ಕೆ ಬಳಿಯುವ ಕಬ್ಬಿಣದ ಲವಣಗಳು ಮನೆಯ ಸಾಮಾನ್ಯ ದೀಪಕ್ಕೆ ಹೆಚ್ಚುಕಡಿಮೆ ಸ್ಪಂದಿಸುವುದೇ ಇಲ್ಲ. ಅವುಗಳಿಗೆ ನೇರಳಾತೀತ ಕಿರಣ ಬೇಕು. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಸಯನೋಟೈಪನ್ನು ಕಂಡುಹಿಡಿದಾಗಲೂ, ಮರುವರ್ಷ ಸಸ್ಯಶಾಸ್ತ್ರಜ್ಞೆ ಅನ್ನಾ ಅಟ್ಕಿನ್ಸ್ ಕಡಲಪಾಚಿಗಳ ಚಿತ್ರಗಳನ್ನು ಅದೇ ವಿಧಾನದಲ್ಲಿ ಹೊರತರತೊಡಗಿದಾಗಲೂ ಆ ಕಿರಣಕ್ಕೆ ಸೂರ್ಯನೇ ಆಧಾರವಾಗಿದ್ದ. ಬಿಸಿಲಿನ ಮುದ್ರಣ ಇಂದಿಗೂ ಸುಂದರವೇ, ಆದರೆ ಮೋಡ ಸರಿದಂತೆಲ್ಲ ಬದಲಾಗುವ ಬೆಳಕಿನಲ್ಲಿ ಒಂದೇ ನೆಗೆಟಿವ್‌ನಿಂದ ಎರಡು ಸಮನಾದ ಪ್ರತಿಗಳನ್ನು ತೆಗೆಯುವುದು ಬಹಳ ಕಷ್ಟ. ಬಿಸಿಲಿನ ಬದಲು ಟ್ಯೂಬುಗಳ ನೇರಳಾತೀತ ಕಿರಣದಲ್ಲಿ ಮುದ್ರಿಸಲು ನಾನು ಕಟ್ಟಿಕೊಂಡಿರುವ ಪೆಟ್ಟಿಗೆಯ ದೊಡ್ಡ ಗುಣ ಅದರ ಬೆಳಕು ನಿನ್ನೆ ಇದ್ದಂತೆಯೇ ಇಂದೂ ಇರುವುದು, ನಡುವೆ ಇದ್ದಂತೆಯೇ ಮೂಲೆಯಲ್ಲೂ ಇರುವುದು. ಬೆಳಕಿನ ಬಿರುಸು ನನ್ನ ಲೆಕ್ಕದಲ್ಲಿ ಆಮೇಲಿನ ಮಾತು.

ಪೆಟ್ಟಿಗೆ ಸರಳವಾದದ್ದು. ಪ್ಲೈವುಡ್ಡಿನ ಚೌಕಟ್ಟಿನೊಳಗೆ 2 ಅಡಿ ಉದ್ದದ, 18 ವ್ಯಾಟ್‌ನ 8 ಟ್ಯೂಬುಗಳನ್ನು ನಡುವಿನಿಂದ ನಡುವಿಗೆ 2 ಅಂಗುಲ ಅಂತರದಲ್ಲಿ ಸಾಲಾಗಿ ಜೋಡಿಸಿದೆ; ಟ್ಯೂಬುಗಳಿಂದ ನೆಗೆಟಿವನ್ನೂ ಕಾಗದವನ್ನೂ ಒತ್ತಿ ಹಿಡಿಯುವ ಮುದ್ರಣ ಚೌಕಟ್ಟಿನ ಗಾಜಿಗೆ ಸುಮಾರು 4 ಅಂಗುಲ ದೂರವಿದೆ. ಈ ದೂರವನ್ನು ಟ್ಯೂಬುಗಳ ನಡುವಿನ ಅಂತರಕ್ಕಿಂತ ಕಡಿಮೆ ಮಾಡಿದರೆ ಮುದ್ರಣದಲ್ಲಿ ಪಟ್ಟೆಗಳು ಕಾಣಿಸಿಕೊಳ್ಳುವ ಸಾಧ್ಯತೆಯಿರುತ್ತದೆ. ಟ್ಯೂಬಿನ ಎರಡೂ ತುದಿಗಳು ನಡುಭಾಗಕ್ಕಿಂತ ಮಂಕಾಗಿ ಉರಿಯುವುದರಿಂದ ಪೂರ್ತಿ 2 ಅಡಿಯನ್ನು ನೆಚ್ಚಿಕೊಳ್ಳಲಾಗದು, ಆದರೂ ಎ3 ಹಾಳೆಗೆ ಧಾರಾಳ ಜಾಗವಿದೆ. ಚೋಕ್‌ಗಳನ್ನು ಪೆಟ್ಟಿಗೆಯ ಹೊರಗೆ ಕೂರಿಸಿ, ಬಿಸಿಗಾಳಿ ಹೊರಹೋಗಲು ಹಿಂಬದಿಯಲ್ಲಿ ಒಂದು ಸಣ್ಣ ಫ್ಯಾನ್ ಇಟ್ಟಿದ್ದೇನೆ. ಒಳಗೆ ಬಿಸಿ ಏರಿದರೆ ನೆಗೆಟಿವ್ ಫಿಲ್ಮ್ ಅಲೆಅಲೆಯಾಗಿ ಎದ್ದು ಕಾಗದದಿಂದ ದೂರವಾಗುತ್ತದೆ.

ಟ್ಯೂಬಿನ ಆಯ್ಕೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನೋಡಲು ಒಂದೇ ತೆರನಾದ, ಒಂದೇ ಹೋಲ್ಡರಿಗೆ ಕೂರುವ ಟ್ಯೂಬುಗಳು ಸಂಪೂರ್ಣ ಬೇರೆಬೇರೆ ಬೆಳಕನ್ನು ಕೊಡುತ್ತವೆ. ಹೋಟೆಲು, ಬೇಕರಿಗಳ ಕೀಟನಾಶಕ ಯಂತ್ರಗಳಲ್ಲಿ ತಿಳಿನೀಲಿಯಾಗಿ ಉರಿಯುವ, ಬಿಎಲ್ ಎಂದು ಗುರುತು ಹಾಕಿರುವ ಟ್ಯೂಬುಗಳೇ ನಮಗೆ ಸೂಕ್ತವಾದವು. ಅವುಗಳ ಕಿರಣ 365ರಿಂದ 370 ನ್ಯಾನೊಮೀಟರ್ ಆಸುಪಾಸಿನಲ್ಲಿ ಅತ್ಯಂತ ತೀವ್ರವಾಗಿರುತ್ತದೆ. ಕಪ್ಪುಗಾಜಿನ ಬಿಎಲ್‌ಬಿ ಟ್ಯೂಬುಗಳೂ ಕೆಲಸಕ್ಕೆ ಬರುತ್ತವೆ, ಆದರೆ ಆ ಕಪ್ಪುಗಾಜು ಕಣ್ಣಿಗೆ ಕಾಣುವ ಬೆಳಕನ್ನು ತಡೆಯಲೆಂದು ಇರುವುದು. ಮುದ್ರಣಕ್ಕೆ ಅದರಿಂದ ಯಾವ ಲಾಭವೂ ಇಲ್ಲ. ಕ್ರಿಮಿನಾಶಕ ಟ್ಯೂಬನ್ನು ಮಾತ್ರ ಯಾವ ಕಾರಣಕ್ಕೂ ಹಾಕಬಾರದು. 2020ರಲ್ಲಿ ಕೋವಿಡ್ ಭಯದಿಂದ ಜನ ಕೊಂಡುತಂದ, 254 ನ್ಯಾನೊಮೀಟರ್‌ನ ಆ ಪಾರದರ್ಶಕ ಟ್ಯೂಬುಗಳು ಇನ್ನೂ ಎಷ್ಟೋ ಮನೆಗಳಲ್ಲಿ ಉಳಿದಿವೆ. ಅವುಗಳ ಕಿರಣ ಕಣ್ಣು ಮತ್ತು ಚರ್ಮವನ್ನು ಬೇಗನೆ ಸುಡುತ್ತದೆ. ಮೇಲಾಗಿ ಸಾಮಾನ್ಯ ಗಾಜನ್ನು ಅದು ದಾಟುವುದೇ ಇಲ್ಲವಾದ್ದರಿಂದ ಚೌಕಟ್ಟಿನೊಳಗಿನ ಕಾಗದಕ್ಕೆ ತಲುಪುವುದೂ ಇಲ್ಲ.

ಪ್ರತಿಫಲನದ ವಿಷಯದಲ್ಲಿ ಬಹುತೇಕರು ಬಿಳಿ ಬಣ್ಣ ಬಳಿದರೆ ಸಾಕೆಂದು ಭಾವಿಸುತ್ತಾರೆ. ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನು ಚೆನ್ನಾಗಿ ಹಿಂದಿರುಗಿಸಿದರೂ ನಮಗೆ ಬೇಕಾದ ನೇರಳಾತೀತ ಕಿರಣವನ್ನು ಹೀರಿಕೊಂಡುಬಿಡುತ್ತದೆ. ಟ್ಯೂಬುಗಳ ಹಿಂದೆ ಅಲ್ಯೂಮಿನಿಯಂ ತಗಡನ್ನೋ ಹಾಳೆಯನ್ನೋ ಹಾಸುವುದೇ ಸರಿಯಾದ ಕ್ರಮ. ಗಾಜಿಗಾದರೆ ಕಿಟಕಿಯ ಸಾಮಾನ್ಯ ಗಾಜೇ ಸಾಕು. ಚಿತ್ರಗಳ ಬಣ್ಣ ಮಾಸದಂತೆ ಕಾಪಾಡಲೆಂದು ಮಾರುವ ಕಿರಣನಿರೋಧಕ ಗಾಜು ಮತ್ತು ಅಕ್ರಿಲಿಕ್ ಹಾಳೆಗಳು ಇಲ್ಲಿ ಕೆಲಸ ಕೆಡಿಸುತ್ತವೆ.

ಇದೇ ಕೆಲಸಕ್ಕೆ ಈಗ ಅನೇಕರು 395 ನ್ಯಾನೊಮೀಟರ್‌ನ ಎಲ್ಇಡಿ ಫ್ಲಡ್ ಲೈಟ್ ಬಳಸುತ್ತಿದ್ದಾರೆ. ಜೋಡಣೆಯ ಶ್ರಮವಿಲ್ಲ, ಸ್ವಿಚ್ ಹಾಕಿದ ಕ್ಷಣವೇ ಪೂರ್ಣ ಬೆಳಕು, ಒಡೆದು ಪಾದರಸ ಚೆಲ್ಲುವ ಭಯವೂ ಇಲ್ಲ. ಅಂಚೆಕಾರ್ಡಿನ ಗಾತ್ರದ ಮುದ್ರಣಕ್ಕೆ ನಾನೂ ಅದನ್ನೇ ಸೂಚಿಸುತ್ತೇನೆ. ಗಾತ್ರ ಹಿಗ್ಗಿದಂತೆ ಅದರ ಮಿತಿ ತಿಳಿಯುತ್ತದೆ. ಒಂದೇ ಬಿಂದುವಿನಂತೆ ಉರಿಯುವ ದೀಪವನ್ನು ಎ3 ಹಾಳೆಯ ಮೇಲೆ 10 ಅಂಗುಲ ಎತ್ತರದಲ್ಲಿ ಕಟ್ಟಿದರೆ, ಲೆಕ್ಕದ ಪ್ರಕಾರ ಹಾಳೆಯ ಮೂಲೆಗಳಿಗೆ ನಡುಭಾಗದ ಕಾಲುಪಾಲು ಬೆಳಕಷ್ಟೇ ಬೀಳುತ್ತದೆ. 20 ಅಂಗುಲಕ್ಕೆ ಏರಿಸಿದರೆ ಮೂಲೆಗಳಿಗೆ ನಡುಭಾಗದ ಮೂರರಲ್ಲಿ ಎರಡು ಪಾಲಿನಷ್ಟು ಸಿಗುತ್ತದಾದರೂ, ನಡುಭಾಗದ ಬೆಳಕೇ ಮೊದಲಿನ ನಾಲ್ಕನೇ ಒಂದಕ್ಕೆ ಇಳಿದು ಎಕ್ಸ್‌ಪೋಶರ್ ಅವಧಿ ನಾಲ್ಕು ಪಟ್ಟು ಬೆಳೆಯುತ್ತದೆ. ಟ್ಯೂಬಿನ ಪೆಟ್ಟಿಗೆಯಲ್ಲಿ ಈ ತಾಪತ್ರಯವಿಲ್ಲ. ಎಲ್ಇಡಿಗೆ ಸಲ್ಲಬೇಕಾದ ಒಂದು ಶ್ರೇಯಸ್ಸನ್ನು ಮಾತ್ರ ಮರೆಯಲಾಗದು: ದೂರದ ಸಣ್ಣ ದೀಪದ ಬೆಳಕು ಒಂದೇ ದಿಕ್ಕಿನಿಂದ ಬರುವುದರಿಂದ ನೆಗೆಟಿವ್ ಅಲ್ಪಸ್ವಲ್ಪ ಮೇಲೆದ್ದರೂ ಗೆರೆಗಳು ಚೂಪಾಗಿಯೇ ಮೂಡುತ್ತವೆ. ಎಲ್ಲ ದಿಕ್ಕಿನಿಂದ ಹರಡಿ ಬರುವ ಟ್ಯೂಬಿನ ಬೆಳಕಿಗೆ ಕೂದಲೆಳೆಯಷ್ಟು ಅಂತರವೂ ಮಸುಕಿಗೆ ಸಾಕು. ಹೀಗಾಗಿ ಈ ಪೆಟ್ಟಿಗೆಯನ್ನು ಕಟ್ಟುವವರು ಗಟ್ಟಿ ಸ್ಪ್ರಿಂಗ್ ಇರುವ ಮುದ್ರಣ ಚೌಕಟ್ಟಿಗೂ ಹಣ ತೆಗೆದಿಡಬೇಕು.

ಹಳದಿಹಸಿರಾದ ಕಾಗದದ ಮೇಲೆ, ಅಂದರೆ ಸಯನೋಟೈಪ್ ದ್ರಾವಣ ಬಳಿದು ಕತ್ತಲೆಯಲ್ಲಿ ಒಣಗಿಸಿದ ಹಾಳೆಯ ಮೇಲೆ, ಇಂಕ್‌ಜೆಟ್ ನೆಗೆಟಿವ್ ಇಟ್ಟು ಮುದ್ರಿಸುವಾಗ ನನ್ನ ಪೆಟ್ಟಿಗೆ ಸಾಮಾನ್ಯವಾಗಿ 10ರಿಂದ 20 ನಿಮಿಷ ತೆಗೆದುಕೊಳ್ಳುತ್ತದೆ. ನಡುಹಗಲ ಬಿಸಿಲಿಗಿಂತ ಇದು ನಿಧಾನ, ಆದರೆ ಈ ಅವಧಿಯನ್ನು ಬರೆದಿಟ್ಟುಕೊಂಡರೆ ಮುಂದಿನ ತಿಂಗಳೂ ಅದೇ ಫಲ ಸಿಗುತ್ತದೆ. ಒಂದು ಎಚ್ಚರಿಕೆ ಅಗತ್ಯ: ಪ್ರಿಂಟರಿನ ಶಾಯಿಗಳು 365ರ ಕಿರಣವನ್ನು ತಡೆಯುವಷ್ಟೇ 395ರ ಕಿರಣವನ್ನೂ ತಡೆಯುತ್ತವೆಂದು ಹೇಳಲಾಗದು. ಬಿಸಿಲಿಗೋ ಎಲ್ಇಡಿಗೋ ಹೊಂದಿಸಿ ಸಿದ್ಧಪಡಿಸಿದ ನೆಗೆಟಿವ್‌ನ ಕರ್ವ್ ಅನ್ನು (ಛಾಯೆಗಳ ಹೊಂದಾಣಿಕೆಯನ್ನು) ಟ್ಯೂಬಿಗೆ ಬದಲಾಯಿಸಿದಾಗ ಹೊಸದಾಗಿಯೇ ರೂಪಿಸಬೇಕಾಗುತ್ತದೆ.

ಸುರಕ್ಷತೆಗಾಗಿ ಬಾಗಿಲಿಗೆ ಒಂದು ಸ್ವಿಚ್ ಅಳವಡಿಸಿ, ತೆರೆದ ಕೂಡಲೇ ಟ್ಯೂಬುಗಳು ಆರುವಂತೆ ಮಾಡಿಸುವುದು ಒಳ್ಳೆಯದು. ಲೋಹದ ಭಾಗಗಳಿಗೆ ಅರ್ಥಿಂಗ್ ಕೊಡಲೇಬೇಕು. ದ್ರಾವಣ, ತೊಳೆಯುವ ನೀರು ಎಲ್ಲವೂ ಪಕ್ಕದಲ್ಲೇ ಇರುವ ಕೆಲಸವಿದು. ತಂತಿ ಜೋಡಣೆ ಬಾರದವರು ಆ ಭಾಗವನ್ನು ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಲಿ.

ಟ್ಯೂಬುಗಳು ಉರಿದಷ್ಟೂ ಅವುಗಳ ಕಿರಣ ಕ್ಷೀಣಿಸುತ್ತದೆ, ಆದರೆ ಕಣ್ಣಿಗೆ ಅವು ಮೊದಲಿನಂತೆಯೇ ಬೆಳಗುವುದರಿಂದ ಅದು ಗೊತ್ತಾಗುವುದಿಲ್ಲ. ಇದನ್ನು ಅಳೆಯಲು 21 ಮೆಟ್ಟಿಲಿನ ಸ್ಟೆಪ್ ವೆಡ್ಜ್, ಅಂದರೆ ಹಂತಹಂತವಾಗಿ ಕಪ್ಪಾಗುತ್ತ ಹೋಗುವ ಫಿಲ್ಮ್ ಪಟ್ಟಿ, ಇಟ್ಟುಕೊಂಡಿದ್ದೇನೆ. ಒಂದು ಸ್ಟಾಪ್ ಎಂದರೆ ಬೆಳಕಿನಲ್ಲಿ ಎರಡು ಪಟ್ಟು ವ್ಯತ್ಯಾಸ; ಈ ಪಟ್ಟಿಯ ಒಂದೊಂದು ಮೆಟ್ಟಿಲೂ ಅರ್ಧ ಸ್ಟಾಪ್‌ನ ವ್ಯತ್ಯಾಸ. ಹೊಸ ಟ್ಯೂಬಿನಲ್ಲಿ ತೆಗೆದ ಅದರ ಮುದ್ರಣಕ್ಕೆ ಹೋಲಿಸಿದಾಗ ಒಂದು ಮೆಟ್ಟಿಲು ಹಿಂದೆ ಬಿದ್ದಿದ್ದರೆ ಅವಧಿಯನ್ನು ಸುಮಾರು ಒಂದೂವರೆ ಪಟ್ಟು ಹೆಚ್ಚಿಸಿದರಾಯಿತು, ಎರಡು ಮೆಟ್ಟಿಲು ಬಿದ್ದಿದ್ದರೆ ಎಂಟೂ ಟ್ಯೂಬುಗಳನ್ನು ಒಟ್ಟಿಗೇ ಬದಲಾಯಿಸಬೇಕು. ಕೆಟ್ಟ ಒಂದನ್ನಷ್ಟೇ ತೆಗೆದು ಹೊಸದನ್ನು ಹಾಕಿದರೆ ಆ ಸಾಲಿನ ಕೆಳಗೆ ಮುದ್ರಣ ಗಾಢವಾಗುತ್ತದೆ.